ಹೊಸ ಟಿವಿ ಮತ್ತು ಅಜ್ಜನ ಹೆಬ್ಬೆರಳು

ಹಳೆಯ ಟಿವಿ ಸತ್ತದ್ದು, ಅದರಲ್ಲಿ ಆಡುತ್ತಿದ್ದ ಆಟವನ್ನು ಅಜ್ಜ ಗೆಲ್ಲಲು ಇನ್ನೊಂದೇ ಪಾಯಿಂಟ್ ಬಾಕಿ ಇದ್ದಾಗ. ಚೆಂಡು ಅವನ ಕಡೆಗೆ ಬರುತ್ತಿತ್ತು, ಹೆಬ್ಬೆರಳು ಗುಂಡಿಯ ಮೇಲೆ ಸಿದ್ಧವಾಗಿತ್ತು. ಅಷ್ಟರಲ್ಲಿ ಚಿತ್ರ ಮೇಲಿಂದಲೂ ಕೆಳಗಿಂದಲೂ ಮಡಚಿಕೊಂಡು ನಡುವೆ ಒಂದು ಬಿಳಿ ಗೆರೆಯಾಗಿ ನಿಂತಿತು. ಅಜ್ಜ ಟಿವಿಯ ನೆತ್ತಿಗೆ ಎರಡು ಏಟು ಕೊಟ್ಟ. ಹದಿನೆಂಟು ವರ್ಷ ಆ ಏಟಿಗೆ ಬಗ್ಗುತ್ತಿದ್ದ ಪೆಟ್ಟಿಗೆ ಈ ಸಲ ಗೆರೆಯನ್ನೂ ನುಂಗಿಕೊಂಡು ಕಪ್ಪಾಯಿತು.

"ಇದನ್ನ ನನ್ನ ಗೆಲುವು ಅಂತ ಬರ್ಕೋ," ಎಂದ ಅಜ್ಜ.

"ಪಾಯಿಂಟ್ ಬೀಳದೆ ಗೆಲುವು ಎಲ್ಲಿಂದ ಬರುತ್ತೆ?" ಎಂದಳು ಮೊಮ್ಮಗಳು.

ಮೊಮ್ಮಗಳನ್ನು ಮನೆಯವರೆಲ್ಲ ಬಾಬಿನ್ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಅಜ್ಜ. ಹೊಲಿಗೆ ಯಂತ್ರದ ಹೊಟ್ಟೆಯೊಳಗೆ ದಾರ ಸುತ್ತಿಕೊಂಡು ಗಿರ್ರನೆ ತಿರುಗುವ ಪುಟ್ಟ ಉರುಳೆ ಇರುತ್ತದಲ್ಲ, ಅದು ಬಾಬಿನ್. ಚಿಕ್ಕಂದಿನಲ್ಲಿ ಹುಡುಗಿ ಹಾಗೇ ಇದ್ದಳು, ಗುಂಡಗೆ, ಒಂದು ಕಡೆ ನಿಲ್ಲದವಳು. ಈಗ ಹತ್ತೊಂಬತ್ತು ತುಂಬಿ, ಬೆಳಿಗ್ಗೆ ಕಾಲೇಜಿಗೂ ಮಧ್ಯಾಹ್ನ ಜೆರಾಕ್ಸ್ ಅಂಗಡಿಯ ಕೆಲಸಕ್ಕೂ ಹೋಗುತ್ತಿದ್ದರೂ ಆ ಹೆಸರು ಅಂಟಿಕೊಂಡೇ ಇತ್ತು. ಅಜ್ಜ ಐವತ್ತು ವರ್ಷದಿಂದ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಎಪ್ಪತ್ಮೂರಾದರೂ ಸಲಕರಣೆಯ ಚೀಲ ಹೆಗಲಿಗೇರಿಸಿ ದರ್ಜಿ ಅಂಗಡಿ, ಬಟ್ಟೆ ಕಾರ್ಖಾನೆ ಅಂತ ಸುತ್ತುತ್ತಿದ್ದ.

ಎರಡು ವರ್ಷದ ಹಿಂದೆ ಮಂಡಿ ಬಾತು ಅವನು ವಾರವಿಡೀ ಮನೆಯಲ್ಲಿ ಕೂತು ಎಲ್ಲರ ತಲೆ ತಿನ್ನುತ್ತಿದ್ದಾಗ, ಬಾಬಿನ್ ತಾನು ಅಗ್ಗಕ್ಕೆ ತಂದಿದ್ದ ಹಳೆಯ ಆಟದ ಪೆಟ್ಟಿಗೆಯ ಒಂದು ಹಿಡಿಕೆಯನ್ನು ಅವನ ಕೈಗೆ ತುರುಕಿದಳು. ಟೇಬಲ್ ಟೆನಿಸ್ ಆಟ. ಚೆಂಡು ಬಂದಾಗ ಗುಂಡಿ ಒತ್ತಬೇಕು, ಅಷ್ಟೇ. ಅವತ್ತಿನಿಂದ ಸಂಜೆಯ ಟೀ ಆದಮೇಲೆ ಐದು ಆಟ ಆಡದೆ ಇಬ್ಬರೂ ಏಳುತ್ತಿರಲಿಲ್ಲ. ಯಾರು ಎಷ್ಟು ಗೆದ್ದರು ಅನ್ನುವುದು ಬೀರುವಿನ ಪಕ್ಕದ ಮೈಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ. ಟಿವಿ ಸತ್ತ ದಿನ ಅಜ್ಜ ಸಾವಿರದ ಎಂಟುನೂರ ಇಪ್ಪತ್ತು, ಬಾಬಿನ್ ಸಾವಿರದ ಎಂಟುನೂರ ಹನ್ನೊಂದು.

ಅವತ್ತು ಊಟಕ್ಕೆ ಕೂತಾಗ ಮಾತು ಟಿವಿಗೇ ಬಂತು.

"ಇಪ್ಪತ್ತೆರಡು ಸಾವಿರ. ಅದರ ಮೇಲೆ ಒಂದು ಕಾಸೂ ಇಲ್ಲ," ಎಂದ ಅಜ್ಜನ ಮಗ, ಬಾಬಿನ್‌ಳ ಅಪ್ಪ. ಅವನು ಮುದ್ರಣಾಲಯದಲ್ಲಿ ಬಣ್ಣದ ಯಂತ್ರ ನಡೆಸುವವನು. ಕೆಂಪಿನ ಮೇಲೆ ಹಳದಿ ಕೂದಲೆಳೆಯಷ್ಟು ಸರಿದರೂ ಕಾಗದ ಹರಿದೆಸೆಯುವ ಆಸಾಮಿ. ದುಡ್ಡಿನ ವಿಷಯದಲ್ಲೂ ಅಷ್ಟೇ.

"ಅದ್ರಲ್ಲಿ ನನ್ನ ಇಸ್ತ್ರಿಪೆಟ್ಟಿಗೆಗೆ ಎತ್ತಿಟ್ಟಿದ್ದೂ ಸೇರಿದೆ. ನೆನಪಿರ್ಲಿ," ಎಂದಳು ಸೊಸೆ, ಪಲ್ಯ ಬಡಿಸುತ್ತ. ಅವಳು ಮುಂದಿನ ಕೋಣೆಯಲ್ಲೇ ಯಂತ್ರ ಹಾಕಿಕೊಂಡು ಬಟ್ಟೆ ಹೊಲಿಯುವವಳು. ಊಟಕ್ಕೆ ಬಡಿಸುವಾಗಲೂ ಅಳತೆಪಟ್ಟಿ ಕೊರಳಲ್ಲೇ.

"ನನ್ನ ನಾಲ್ಕು ತಿಂಗಳ ಸಂಬಳಾನೂ ಇದೆ," ಎಂದಳು ಬಾಬಿನ್. "ಅದಕ್ಕೇ ಆಟಕ್ಕೆ ಒಗ್ಗುವಂಥದ್ದೇ ಬೇಕು. ಎಚ್‌ಡಿ ಇರ್ಲೇಬೇಕು."

"ಎಚ್‌ಡಿ ಅಂದ್ರೆ?" ಎಂದ ಅಜ್ಜ.

"ಚಿತ್ರ ಸ್ಪಷ್ಟವಾಗಿ ಕಾಣುತ್ತೆ ಅಜ್ಜ. ಚೆಂಡಿನ ಮೇಲೆ ಬರೆದಿರೋ ಅಕ್ಷರಾನೂ ಓದಬಹುದು."

"ಹೊಡೆಯೋ ಚೆಂಡನ್ನ ಓದೋದ್ಯಾಕೆ?"

ಆಮೇಲೆ ಅಜ್ಜ ಎಂದಿನಂತೆ ಕಾರ್ಖಾನೆಯ ಸುದ್ದಿ ತೆಗೆದ. ಆ ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಯಂತ್ರ ನಡುನಡುವೆ ಹೊಲಿಗೆ ಬಿಡುತ್ತಿತ್ತಂತೆ. ಮೇಸ್ತ್ರಿ ಅವಳ ಕೈ ಸರಿಯಿಲ್ಲ ಅಂತ ಎಲ್ಲರೆದುರು ಬೈದು ಅಳಿಸಿದ್ದನಂತೆ. "ನಾನು ಕೆಳಗೆ ತೆಗೆದು ನೋಡಿದ್ರೆ ಟೈಮಿಂಗ್ ಹೋಗಿದೆ! ಸೂಜಿ ಬಂದಾಗ ಕೆಳಗಿಂದ ದಾರ ಹಿಡಿಯೋ ಹುಕ್ ಬರಲ್ಲ, ಹುಕ್ ಬಂದಾಗ ಸೂಜಿ ಇರಲ್ಲ. ಆ ಮಗು ಏನು ಮಾಡುತ್ತೆ? ಮೇಸ್ತ್ರಿಗೆ ಹೇಳಿ ಬಂದೆ, ಹೊಲಿಗೆ ತಪ್ಪಿದ್ರೆ ಮೊದಲು ಮೆಷಿನ್ ನೋಡು, ಆಮೇಲೆ ಕೈ ನೋಡು ಅಂತ."

ಈ ಮಾತನ್ನು ಮನೆಯವರು ನೂರು ಸಲವಾದರೂ ಕೇಳಿದ್ದರು. ಹಾಗಾಗಿ ಯಾರೂ ಕೇಳಿಸಿಕೊಳ್ಳಲಿಲ್ಲ.

"ಅಪ್ಪಾ, ಟಿವಿ ಬಂದ್ಮೇಲೆ ಮನೇಲಿ ಆರಾಮಾಗಿ ಕೂತು ಆಡು," ಎಂದ ಮಗ. "ಆ ಚೀಲ ಇನ್ನು ಸಾಕು."

ಇದು ಒಂದು ವರ್ಷದ ಜಗಳ. ಹೋದ ವರ್ಷ ಕಾರ್ಖಾನೆಯಲ್ಲಿ ಸೂಜಿ ಅಜ್ಜನ ಎಡ ಹೆಬ್ಬೆರಳಿಗೆ ಇಳಿದಿತ್ತು. ಆ ಯಂತ್ರದ ಸ್ವಿಚ್ಚು ಹಾಕಿದವನು ಬೇರೆ ಯಾರೋ, ಆದರೂ ಮಗನಿಗೆ ಅದು ಅಪ್ಪನ ವಯಸ್ಸೇ. ಚೀಲದ ಭಾರ ಬೇರೆ, ದಾಟಬೇಕಾದ ದೊಡ್ಡ ರಸ್ತೆ ಬೇರೆ. ಮಗ ಹೆದರುತ್ತಿದ್ದ. ಹೆದರಿಕೆಯನ್ನು ಹೆದರಿಕೆ ಅಂತ ಹೇಳಲು ಬಾರದೆ ಗದರುತ್ತಿದ್ದ.

"ನನ್ನ ಕೈ ನಿಧಾನ ಆದ ದಿನ ನಾನೇ ಬಿಡ್ತೀನಿ," ಎಂದ ಅಜ್ಜ.

"ನಿಧಾನ ಆಗಿದೆ ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?"

ಅಜ್ಜ ಬೀರುವಿನ ಕಡೆ ಗದ್ದ ಎತ್ತಿ ತೋರಿಸಿದ. "ಬಾಬಿನ್ ನನ್ನನ್ನ ಒಂದೇ ಸಮನೆ ಹತ್ತು ಆಟ ಸೋಲಿಸ್ಲಿ. ಹನ್ನೊಂದನೇದು ಆಡಲ್ಲ. ಚೀಲ ತಂದು ನಿನ್ನ ಕೈಲಿಡ್ತೀನಿ."

"ಮಾತು ತಪ್ಪಬಾರ್ದು ಮತ್ತೆ."

"ಯಾವಾಗ ತಪ್ಪಿದ್ದೀನೋ?"

ಎರಡು ವರ್ಷದಲ್ಲಿ ಬಾಬಿನ್ ಒಂದೇ ಸಮನೆ ಮೂರಕ್ಕಿಂತ ಹೆಚ್ಚು ಗೆದ್ದವಳಲ್ಲ. ಅಜ್ಜ ನಿಶ್ಚಿಂತೆಯಿಂದ ಇನ್ನೊಂದು ಸಲ ಮೊಸರು ಹಾಕಿಸಿಕೊಂಡ.

ಟಿವಿ ನೋಡಲು ಮೂರು ಭಾನುವಾರ ಹಿಡಿಯಿತು. ಮೊದಲ ಭಾನುವಾರ ಸೊಸೆಯದು. ಬೀರುವಿಗೂ ಕಿಟಕಿಗೂ ನಡುವಿನ ಜಾಗವನ್ನು ಅವಳು ಮೂರು ಸಲ ಅಳೆದು ಮೂವತ್ತೊಂಬತ್ತೂವರೆ ಇಂಚು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಳು. ಬೆಲೆಗೆ ಹೊಂದುವ ಟಿವಿಯ ಮೇಲೆ ನಲವತ್ಮೂರು ಎಂದಿತ್ತು.

"ಇದು ಆಗಲ್ಲ. ಮೂರೂವರೆ ಇಂಚು ಕಿಟಕಿಗೆ ಬರುತ್ತೆ," ಎಂದಳು.

"ಮೇಡಂ, ಅದು ಮೂಲೆಯಿಂದ ಮೂಲೆಗೆ ಲೆಕ್ಕ," ಎಂದ ಅಂಗಡಿಯವನು.

"ಮೂಲೆಯಿಂದ ಮೂಲೆಗೆ ಯಾರಾದ್ರೂ ಅಳೀತಾರಾ? ನಾನು ಹಾಗೆ ಅಳೆದು ಶರ್ಟ್ ಹೊಲಿದ್ರೆ ನೀವು ಹಾಕ್ಕೋತೀರಾ?"

ಅವನು ನಗುತ್ತ ಪಕ್ಕಕ್ಕೆ ಸರಿದ. ಸೊಸೆ ಕೊರಳಿನಿಂದ ಪಟ್ಟಿ ತೆಗೆದು ಟಿವಿಯ ಅಗಲಕ್ಕೆ ಹಿಡಿದಳು. ಮೂವತ್ತೆಂಟು. ಇನ್ನೊಂದು ಸಲ ಹಿಡಿದಳು. "ಆ ಕಡೆ ಮುಕ್ಕಾಲು, ಈ ಕಡೆ ಮುಕ್ಕಾಲು," ಎಂದು ಗಂಡನಿಗೆ ಪಿಸುಗುಟ್ಟಿದಳು. ಅಷ್ಟರಲ್ಲಿ ಅವಳಿಗೆ ಆ ಟಿವಿಯ ಮೇಲೆ ಮನಸ್ಸು ಕೂತಾಗಿತ್ತು.

ಎರಡನೇ ಭಾನುವಾರ ಮಗನದು. ಅವನು ಮುದ್ರಣಾಲಯದ ಭೂತಗನ್ನಡಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಸಾಲಾಗಿ ನಿಲ್ಲಿಸಿದ್ದ ಹನ್ನೆರಡು ಟಿವಿಗಳ ಮುಂದೆ ಒಂದೊಂದಾಗಿ ಬಗ್ಗಿ, ಕಣ್ಣಿಗೆ ಗಾಜು ಹಿಡಿದು, ಪರದೆಯ ಚುಕ್ಕೆಗಳನ್ನು ಪರೀಕ್ಷಿಸಿದ. ಅಂಗಡಿಗೆ ಬಂದಿದ್ದ ಎರಡು ಮಕ್ಕಳು ಟಿವಿ ಬಿಟ್ಟು ಅವನನ್ನೇ ನೋಡುತ್ತ ನಿಂತವು.

"ಇದ್ರಲ್ಲಿ ಹಸಿರು ಜಾಸ್ತಿ. ಇದ್ರಲ್ಲಿ ಹುಡುಗಿಗೆ ಕಾಮಾಲೆ ಬಂದ ಹಾಗಿದೆ. ಇದು ಪರವಾಗಿಲ್ಲ," ಎಂದು ಕೊನೆಗೆ ಅವನು ಕೈ ಇಟ್ಟದ್ದು ಹೆಂಡತಿ ಅಳೆದಿದ್ದ ಟಿವಿಯ ಮೇಲೆಯೇ. ಅದಕ್ಕೆ ಸೊಸೆ ಮನೆಗೆ ಬರುವವರೆಗೂ ಬೀಗುತ್ತಿದ್ದಳು.

ಬಾಬಿನ್ ತನ್ನ ಚೀಟಿ ತಂದಿದ್ದಳು: ಪೂರ್ತಿ ಎಚ್‌ಡಿ ಇದೆಯೇ, ಆಟದ ಪೆಟ್ಟಿಗೆಯ ವೈರು ಸಿಕ್ಕಿಸಲು ಎಷ್ಟು ಕಿಂಡಿ ಇವೆ, ವಾರಂಟಿ ಎಷ್ಟು ವರ್ಷ. ಎಲ್ಲಕ್ಕೂ ಅಂಗಡಿಯವನು ಹೂಂಗುಟ್ಟಿದ. ಬೆಲೆ ಇಪ್ಪತ್ತೊಂದೂವರೆ ಸಾವಿರ.

ಮೂರನೇ ಭಾನುವಾರ ಕೊಳ್ಳಲು ಹೊರಟಾಗ ಅಜ್ಜನೂ ಬಂದ. ಕೈಯಲ್ಲೊಂದು ಬಟ್ಟೆಯ ಚೀಲ. ಅಂಗಡಿಯ ಮೆಟ್ಟಿಲಲ್ಲಿ ಬಾಬಿನ್ ಅದರೊಳಗೆ ಇಣುಕಿದಳು.

"ಅಯ್ಯೋ ಅಜ್ಜ, ಆಟದ ಪೆಟ್ಟಿಗೆ ಯಾಕೆ ತಂದೆ?"

"ಸಿಕ್ಕಿಸಿ ಒಂದಾಟ ಆಡಿ ನೋಡೋಣ."

"ಅಂಗಡೀಲಾ? ಎಲ್ಲರೆದುರಾ?"

"ನಾನು ಈವರೆಗೆ ಒಂದು ತುಂಡು ಬಟ್ಟೆ ಹೊಲಿದು ನೋಡದೆ ಯಾವ ಮೆಷಿನ್ನನ್ನೂ ತಗೊಂಡಿಲ್ಲ. ತಗೋಳೋಕೆ ಯಾರನ್ನೂ ಬಿಟ್ಟಿಲ್ಲ."

"ಅಪ್ಪಾ, ಇದು ಟಿವಿ. ಚಿತ್ರ ನೋಡಿಯಾಯ್ತು, ಅಳತೆ ನೋಡಿಯಾಯ್ತು. ಸುಮ್ನೆ ನಗೆಪಾಟಲು ಮಾಡ್ಬೇಡ," ಎಂದ ಮಗ. ಹಿಂದಿನ ವಾರ ಭೂತಗನ್ನಡಿ ಹಿಡಿದು ಹನ್ನೆರಡು ಟಿವಿಗಳಿಗೆ ಮೂತಿ ತಾಗಿಸಿದವನು ಇವನೇ.

ಅಜ್ಜ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಿಲ್ಲು ಬರೆದು ಮುಗಿಯುವವರೆಗೆ ಕೂತಿದ್ದ.

ಹೊಸ ಟಿವಿ ಬೀರುವಿಗೂ ಕಿಟಕಿಗೂ ನಡುವೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಮೊದಲ ವಾರ ಅದು ಪೂರ್ತಿ ಮಗನ ಸ್ವತ್ತು. ಕೆಲಸದಿಂದ ಬಂದವನೇ ಬಟ್ಟೆ ಕೂಡ ಬದಲಾಯಿಸದೆ ರಿಮೋಟ್ ಹಿಡಿದು ಕೂರುತ್ತಿದ್ದ. ಬಣ್ಣ, ಬೆಳಕು, ಚಿತ್ರವನ್ನು ನುಣುಪು ಮಾಡುವುದು, ಅಂಚು ತಿದ್ದುವುದು, ಅದರಲ್ಲಿ ಏನೇನಿದೆಯೋ ಎಲ್ಲವನ್ನೂ ಏರಿಸಿ ಇಳಿಸಿ ನೋಡಿದ. ಅಡುಗೆಮನೆಯಿಂದ ಟೊಮೆಟೊ ತಂದು ಪರದೆಯ ಟೊಮೆಟೊ ಪಕ್ಕ ಹಿಡಿದ. ಎರಡೂ ಒಂದೇ ಕೆಂಪಾದಾಗ ಅವನ ಮುಖದಲ್ಲಿ ಕಂಡ ಸಂತೋಷ ಮಗಳು ಹುಟ್ಟಿದಾಗಲೂ ಕಂಡಿರಲಿಲ್ಲ ಎಂದು ಸೊಸೆ ಹೇಳಿದಳು.

"ಇನ್ನು ಯಾರೂ ಇದಕ್ಕೆ ಕೈ ಹಾಕ್ಬೇಡಿ," ಎಂದು ಅಪ್ಪಣೆ ಮಾಡಿ ರಿಮೋಟನ್ನು ಬೀರುವಿನ ಮೇಲಿಟ್ಟ. ಚಾನೆಲ್ ಬದಲಿಸಲು ಎಲ್ಲರೂ ಕುರ್ಚಿ ಹತ್ತಬೇಕಾಯಿತು.

ಎರಡನೇ ವಾರ ಆಟ ಶುರುವಾಯಿತು. ಚೆಂಡಿನ ಮೇಲಿನ ಅಕ್ಷರ ನಿಜಕ್ಕೂ ಕಾಣುತ್ತಿತ್ತು. ಅಜ್ಜ ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿಯೂ ಬಿಟ್ಟ. ಆದರೆ ಹೊಡೆಯಲಾಗಲಿಲ್ಲ. ಹನ್ನೊಂದು ನಾಲ್ಕರಲ್ಲಿ ಸೋತ.

"ಹೊಸದಲ್ವಾ, ಕೈ ಕೂರಬೇಕು," ಎಂದ.

ಮೊದಲೆರಡು ದಿನ ಬಾಬಿನ್ ಕೂಡ ತಡವರಿಸಿದಳು. ಮೂರನೇ ದಿನಕ್ಕೆ ಅವಳ ಕೈ ಕೂತಿತು. ಅಜ್ಜನದು ಕೂರಲಿಲ್ಲ. ಚೆಂಡು ನೋಡನೋಡುತ್ತಲೇ ಬ್ಯಾಟನ್ನು ದಾಟಿ ಹೋಗುತ್ತಿತ್ತು. ಅವನು ಕುರ್ಚಿ ಮುಂದೆಳೆದ, ಹಿಂದೆಳೆದ, ಕನ್ನಡಕ ಒರೆಸಿದ, ಹಿಡಿಕೆ ಬದಲಾಯಿಸಿಕೊಂಡ. ಬಾಬಿನ್‌ಗೆ ಮೊದಮೊದಲು ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಬೇಕು. ಎರಡು ವರ್ಷ ಹಿಂದೆ ಬಿದ್ದಿದ್ದವಳು ಅವನನ್ನು ದಾಟಿ ಮುಂದೆ ಹೋದಾಗ ಸೀಮೆಸುಣ್ಣ ಹಿಡಿದು ಕುಣಿದಾಡಿದಳು. ಅಜ್ಜ ನಗುತ್ತಿದ್ದ. ಆಮೇಲೆ ನಗು ಕಡಿಮೆಯಾಯಿತು. ಆಮೇಲೆ ಒಂದು ಸಂಜೆ ಟೀ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡದ್ದನ್ನು ಅವಳು ನೋಡಿದಳು.

ಅವತ್ತು ಕೊನೆಯ ಆಟದಲ್ಲಿ ಅವಳು ಮೂರು ಚೆಂಡು ಬಿಟ್ಟಳು. ಅಜ್ಜ ಗೆದ್ದ. ಗೆದ್ದವನು ಹಿಡಿಕೆಯನ್ನು ಮೆಲ್ಲಗೆ ಕೆಳಗಿಟ್ಟ.

"ಬೇಕಂತಲೇ ಬಿಟ್ಟೆ."

"ಇಲ್ಲ ಅಜ್ಜ, ಜಾರಿತು."

"ನಿನ್ನ ಕೈ ಜಾರೋದು ಹೇಗಿರುತ್ತೆ ಅಂತ ನಂಗೊತ್ತಿಲ್ವಾ? ನನಗೆ ಬಿಟ್ಟುಕೊಡೋಷ್ಟು ದೊಡ್ಡವಳಾದೆಯಾ ನೀನು?"

ಅವನು ಅವಳ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಮುಂದಿನ ಕೋಣೆಯಿಂದ ಸೊಸೆ ಕತ್ತರಿ ಹಿಡಿದುಕೊಂಡೇ ಓಡಿ ಬಂದಳು.

"ಏನಾಯ್ತು ಮಾವ?"

"ಏನಿಲ್ಲಮ್ಮ. ನಾಳೆ, ನಾಡಿದ್ದು, ಎರಡು ದಿನಕ್ಕೆ ಹತ್ತು ಆಟ. ಇವಳು ಸರಿಯಾಗಿ ಆಡ್ಬೇಕು. ಕಳ್ಳಾಟ ಆಡಿದ್ರೆ ನಾನು ಇವಳ ಜೊತೆ ಮಾತಾಡಲ್ಲ."

ಎರಡು ದಿನ ಮನೆಯಲ್ಲಿ ಪರೀಕ್ಷೆಯ ವಾತಾವರಣ. ಬಾಬಿನ್ ಹಲ್ಲು ಕಚ್ಚಿ ಆಡಿದಳು. ಒಂಬತ್ತನೇ ಆಟದಲ್ಲಿ ಕಣ್ಣು ತುಂಬಿ ಚೆಂಡೇ ಕಾಣದಾಯಿತು, ಆದರೂ ಗೆದ್ದಳು. ಹತ್ತನೆಯದು ಹನ್ನೊಂದು ಎರಡು. ಅಜ್ಜ ಎದ್ದು ಹೋಗಿ, ಮೊಳೆಗೆ ನೇತುಹಾಕಿದ್ದ ಚೀಲ ತಂದ. ಮಗ ಆಗಷ್ಟೇ ಕೈಕಾಲು ತೊಳೆದು ಊಟಕ್ಕೆ ಕೂತಿದ್ದ. ಅಜ್ಜ ಚೀಲವನ್ನು ಅವನ ಪಕ್ಕದಲ್ಲಿಟ್ಟ.

"ತಗೋ."

"ಅಪ್ಪಾ, ಅದು ಏನೋ ತಮಾಷೆಗೆ..."

"ಮಾತು ಮಾತೇ."

ಒಂದು ವರ್ಷದಿಂದ ಯಾವುದಕ್ಕಾಗಿ ಬಡಿದಾಡಿದ್ದನೋ ಅದು ಕೈಗೆ ಬಂದಾಗ ಮಗ ತಟ್ಟೆ ಬಿಟ್ಟು ಎದ್ದ. ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಬೀರುವಿನ ಮೇಲೆ, ರಿಮೋಟ್ ಪಕ್ಕದಲ್ಲಿಟ್ಟ.

ಆಮೇಲಿನ ಹತ್ತು ದಿನಗಳಲ್ಲಿ ಅಜ್ಜ ಮುದುಕನಾದ. ಇದನ್ನು ಬೇರೆ ಥರ ಹೇಳಲು ಬರುವುದಿಲ್ಲ. ರಸ್ತೆ ದಾಟುವಾಗ ಬಾಬಿನ್‌ಳ ತೋಳು ಹಿಡಿದುಕೊಳ್ಳತೊಡಗಿದ. ಸೂಜಿಗೆ ದಾರ ಪೋಣಿಸಿಕೊಡಿ ಎಂದು ಸೊಸೆ ಕೇಳಿದರೆ, "ನೀನೇ ಹಾಕ್ಕೋಮ್ಮ, ನನ್ನ ಕೈ ನಿಲ್ಲಲ್ಲ," ಎನ್ನುತ್ತಿದ್ದ. ಕಾರ್ಖಾನೆಯಿಂದ ಫೋನು ಬಂದರೆ, "ಬೇರೆಯವರನ್ನ ನೋಡ್ಕೊಳ್ಳಿ, ನಾನು ನಿಲ್ಲಿಸಿದ್ದೀನಿ," ಎಂದು ಇಟ್ಟುಬಿಡುತ್ತಿದ್ದ. ಬೆಳಿಗ್ಗೆ ಗಡ್ಡ ಮಾಡಿಕೊಳ್ಳಲು ಹೆದರಿ ಗಡ್ಡ ಬಿಟ್ಟ. ಸಂಜೆ ಟಿವಿಯಲ್ಲಿ ಯಾವುದು ಬಂದರೆ ಅದು ನೋಡುತ್ತಿದ್ದ. ಚಿತ್ರ ಮಾತ್ರ ಚೆನ್ನಾಗಿ ಬರುತ್ತಿತ್ತು.

"ಒಂದಾಟ ಅಜ್ಜ," ಎಂದು ಬಾಬಿನ್ ದಿನಾ ಕೇಳುತ್ತಿದ್ದಳು.

"ಓದ್ಕೋ ಹೋಗು."

"ನೀವೇ ಹೇಳ್ರಿ ನಿಮ್ಮಪ್ಪನಿಗೆ," ಎಂದು ಸೊಸೆ ಅಡುಗೆಮನೆಯಲ್ಲಿ ಗಂಡನ ಮೇಲೆ ಹರಿಹಾಯ್ದಳು. "ಚೀಲ ಬಿಡು ಬಿಡು ಅಂತ ಜೀವ ತಿಂದ್ರಿ. ಈಗ ನೋಡಿ, ಅವರು ಚೀಲದ ಜೊತೆ ಎಲ್ಲಾ ಬಿಟ್ಟು ಕೂತಿದ್ದಾರೆ."

"ನಾನೇನು ಮಾಡ್ಲಿ? ವಯಸ್ಸಾಯ್ತು. ಒಂದಿನ ಆಗ್ಬೇಕಿತ್ತು."

"ಒಂದೇ ವಾರದಲ್ಲಿ ಯಾರಿಗಾದ್ರೂ ವಯಸ್ಸಾಗುತ್ತಾ?"

ಅವನು ಅಂಗಿಯ ತೋಳು ಮಡಚಿಕೊಂಡ. ಪಾತ್ರೆ ತೊಳೆಯುವ ಸರದಿ ಅವನದಲ್ಲದಿದ್ದರೂ ತೊಳೆದ.

ಆ ಭಾನುವಾರ ಬೆಳಿಗ್ಗೆ ಸೊಸೆ ಒಂದು ಆಸ್ಪತ್ರೆಯ ಪರದೆಗಳನ್ನು ಹೊಲಿಯುತ್ತಿದ್ದಳು. ನಲವತ್ತು ಪರದೆ, ಸೋಮವಾರಕ್ಕೆ ಕೊಡಬೇಕು. ಇಪ್ಪತ್ತಾರನೆಯದರಲ್ಲಿ ಹೊಲಿಗೆ ಬಿಡಲು ಶುರುವಾಯಿತು. ನಾಲ್ಕು ಹೊಲಿಗೆ ಬಿದ್ದರೆ ಎರಡು ಬೀಳುವುದಿಲ್ಲ. ಅವಳು ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. ದಾರ ಬದಲಾಯಿಸಿದಳು, ಹೊಸ ಸೂಜಿ ಹಾಕಿದಳು.

"ನನ್ನ ಕಣ್ಣೇ ಮಂಜಾಗಿದ್ಯೋ ಏನೋ. ಕೈಯೂ ನಡುಗ್ತಿದೆ," ಎಂದು ಗೊಣಗಿಕೊಂಡಳು. ನಿಜವಾಗಿಯೂ ಗೊಣಗಿದ್ದೋ, ಒಳಕೋಣೆಗೆ ಕೇಳಲಿ ಅಂತಲೋ, ಅವಳನ್ನೇ ಕೇಳಬೇಕು.

ಒಳಕೋಣೆಯಿಂದ ಉತ್ತರ ಬಂತು. "ಕಣ್ಣಲ್ಲ ಕಣಮ್ಮ. ಅದರ ಸದ್ದು ಕೇಳು. ಟೈಮಿಂಗ್ ಹೋಗಿದೆ."

"ಹಾಗಾದ್ರೆ ಬಂದು ನೋಡಿ ಮಾವ. ನಾಳೆ ನಾನು ಯಾರಿಗೆ ಮುಖ ತೋರಿಸ್ಲಿ?"

"ನನ್ನ ಕೈ..."

"ನಿಮ್ಮ ಕೈ ಇಲ್ದಿದ್ರೆ ಬಾಯಿ ತನ್ನಿ. ಹೇಳಿಕೊಡಿ, ನಾನು ಬಿಚ್ತೀನಿ."

ಅಜ್ಜ ಬಂದ. ಮಗ ಯಾರೂ ಹೇಳದೆ ಬೀರುವಿನ ಮೇಲಿಂದ ಚೀಲ ಇಳಿಸಿಕೊಟ್ಟ. ಬಾಬಿನ್ ಟಾರ್ಚ್ ಹಿಡಿದಳು. ಸೊಸೆ ಸ್ಕ್ರೂ ಡ್ರೈವರನ್ನು ಬೇಕಂತಲೇ ತಪ್ಪಾಗಿ ಹಿಡಿದದ್ದನ್ನು ನೋಡಲಾರದೆ ಅಜ್ಜ ಅದನ್ನು ಕಿತ್ತುಕೊಂಡ. ಯಂತ್ರವನ್ನು ಹಿಂದಕ್ಕೆ ಮಲಗಿಸಿದ. ಚಕ್ರವನ್ನು ಕೈಯಿಂದ, ಬಹಳ ಮೆಲ್ಲಗೆ ತಿರುಗಿಸುತ್ತ ಸೂಜಿ ಕೆಳಗಿಳಿಯುವುದನ್ನು ನೋಡಿದ. ಸೂಜಿ ತಳ ಮುಟ್ಟಿ ಒಂದೆಳ್ಳಿನಷ್ಟು ಮೇಲೇಳುವಾಗ ಹುಕ್ಕಿನ ಮೂತಿ ಅದರ ಬೆನ್ನ ಹಿಂದೆ ಬಂದಿರಬೇಕು. ಬಂದಿರಲಿಲ್ಲ. ಒಂದು ಸ್ಕ್ರೂ ಸಡಿಲಿಸಿ, ಹುಕ್ಕನ್ನು ಬೆರಳ ತುದಿಯಿಂದ ಕಂಡೂ ಕಾಣದಷ್ಟು ಸರಿಸಿ, ಬಿಗಿದ. ಎಲ್ಲ ಸೇರಿ ಆರು ನಿಮಿಷ. ಜೇಬಿನಿಂದ ಒಂದು ತುಂಡು ಬಟ್ಟೆ ತೆಗೆದು ಹೊಲಿದು ನೋಡಿದ. ಹೊಲಿಗೆ ಇರುವೆ ಸಾಲಿನಂತೆ ಒಂದೂ ಬಿಡದೆ ಬಂತು.

ಬಾಬಿನ್ ಟಾರ್ಚ್ ಆರಿಸುವುದನ್ನೇ ಮರೆತು ಅವನ ಕೈ ನೋಡುತ್ತಿದ್ದಳು.

"ಅಜ್ಜ, ನಿನ್ನ ಕೈ ನಡುಗಲೇ ಇಲ್ಲ."

"ಇದು ಬೇರೆ, ಅದು ಬೇರೆ."

"ಹೇಗೆ ಬೇರೆ? ಹೊಲಿಗೆ ತಪ್ಪಿದ್ರೆ ಮೊದಲು ಏನು ನೋಡ್ಬೇಕು? ನೂರು ಸಲ ಹೇಳಿದ್ದೀಯಲ್ಲ, ಈಗ ಹೇಳು."

"ಮೊದಲು ಮೆಷಿನ್..." ಎಂದು ಅಜ್ಜ ಟಿವಿಯ ಕಡೆ ತಿರುಗಿದ. ಬಾಬಿನ್ ಆಗಲೇ ಟಿವಿ ಹಾಕಿ ಆಟದ ಪೆಟ್ಟಿಗೆಗೆ ವೈರು ಸಿಕ್ಕಿಸುತ್ತಿದ್ದಳು.

"ಅಪ್ಪಾ, ನಿನ್ನ ಫೋನಲ್ಲಿ ನಿಧಾನವಾಗಿ ಓಡೋ ವಿಡಿಯೋ ಬರುತ್ತಲ್ಲ, ತೆಗಿ. ಅಜ್ಜನ ಹೆಬ್ಬೆರಳೂ ಪರದೆಯೂ ಎರಡೂ ಒಟ್ಟಿಗೆ ಕಾಣ್ಬೇಕು."

"ಯಾಕೆ?"

"ಚಕ್ರ ಮೆಲ್ಲಗೆ ತಿರುಗಿಸಿ ನೋಡೋಕೆ."

ಅಜ್ಜ ಹಿಡಿಕೆಯನ್ನು ಪರದೆಯ ಮುಂದೆ ಎತ್ತಿ ಹಿಡಿದು ಗುಂಡಿ ಒತ್ತಿದ. ಮಗ ವಿಡಿಯೋ ತೆಗೆದ. ನಾಲ್ಕು ತಲೆಗಳು ಫೋನಿನ ಮೇಲೆ ಬಗ್ಗಿದವು. ಹೆಬ್ಬೆರಳು ಮೆಲ್ಲಗೆ ಕೆಳಗಿಳಿಯಿತು, ಗುಂಡಿ ಒಳಗೆ ಹೋಯಿತು. ಪರದೆಯ ಬ್ಯಾಟು ಕದಲಲಿಲ್ಲ. ಹೆಬ್ಬೆರಳು ಮೇಲೇಳಲು ಶುರುವಾಯಿತು. ಬ್ಯಾಟು ಇನ್ನೂ ಕದಲಲಿಲ್ಲ. ಹೆಬ್ಬೆರಳು ಪೂರ್ತಿ ಮೇಲೆ ಬಂದು ನಿಂತ ಮೇಲೆ, ಯಾರೋ ನಿದ್ದೆಯಿಂದ ಎಬ್ಬಿಸಿದಂತೆ, ಬ್ಯಾಟು ಬೀಸಿತು.

"ಇನ್ನೊಂದು ಸಲ," ಎಂದ ಅಜ್ಜ. ದನಿ ಬದಲಾಗಿತ್ತು.

ಇನ್ನೊಂದು ಸಲವೂ ಹಾಗೇ. ಮೂರನೇ ಸಲ ಬಾಬಿನ್ ಒತ್ತಿದಳು. ಅವಳಿಗೂ ಹಾಗೇ.

"ಮತ್ತೆ ನೀನು ಹೇಗೆ ಗೆದ್ದೆ?" ಎಂದ ಮಗ.

ಅವಳು ಗುಂಡಿಯನ್ನು ಇನ್ನೊಮ್ಮೆ ಒತ್ತಿ ನೋಡಿದಳು. "ನಾನು ಚೆಂಡು ಬರೋಕ್ಕಿಂತ ಮುಂಚೇನೇ ಒತ್ತೋಕೆ ಕಲ್ತಿದ್ದೀನಿ ಅನ್ಸುತ್ತೆ. ಗೊತ್ತಿಲ್ದೇನೇ. ಅಜ್ಜ ಮಾತ್ರ ಚೆಂಡು ಬಂದಾಗಲೇ ಒತ್ತುತ್ತಾನೆ. ಹಳೇ ಟಿವೀಲಿ ಒತ್ತಿದ ತಕ್ಷಣ ಹೊಡೀತಿತ್ತಲ್ಲ, ಹಾಗೆ."

ಅಜ್ಜ ಕುರ್ಚಿಯಲ್ಲಿ ಕೂತ. ತನ್ನ ಹೆಬ್ಬೆರಳನ್ನು ಒಮ್ಮೆ ಮಡಚಿ ಬಿಚ್ಚಿ ನೋಡಿಕೊಂಡ.

"ಟೈಮಿಂಗ್ ಹೋಗಿದೆ," ಎಂದ. "ಇಪ್ಪತ್ತೊಂದೂವರೆ ಸಾವಿರದ್ದು, ಹೊಸದು, ಅದರ ಟೈಮಿಂಗೇ ಹೋಗಿದೆ. ನಾನು ಅಲ್ಲೇ ಒಂದು ತುಂಡು ಹೊಲಿದು ನೋಡೋಣ ಅಂದೆ."

ಅಂಗಡಿಯ ಬಾಗಿಲಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಜ್ಜ ಮೂವರಿಗೂ ಒಟ್ಟಿಗೆ ನೆನಪಾದ. ಬಾಬಿನ್‌ಗೆ ನಾಚಿಕೆಯಾಯಿತು. ಮಗ ರಿಮೋಟ್ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಚಿತ್ರ ತೋರಿಸುವ ಬಗೆಗಳ ಪಟ್ಟಿ ತೆರೆದ. ಸಿನಿಮಾ, ಕ್ರೀಡೆ, ಎದ್ದುಕಾಣುವ ಬಣ್ಣ, ಅವುಗಳ ಕೆಳಗೆ ಗೇಮ್.

"ಇದೇನ್ರೀ, ಆಟದ್ದೇ ಒಂದಿದೆ?" ಎಂದಳು ಸೊಸೆ. "ನೀವು ನೋಡಿರ್ಲಿಲ್ವಾ?"

"ನೋಡಿದ್ದೆ. ಮೊದಲ ದಿನಾನೇ ನೋಡಿದ್ದೆ," ಎಂದ ಮಗ. "ಅದ್ರಲ್ಲಿ ಮುಖಗಳೆಲ್ಲ ಬಿಳುಚಿಕೊಳ್ತವೆ. ಟೊಮೆಟೊ ಸತ್ತೇಹೋಗುತ್ತೆ. ಮಕ್ಕಳಾಟದ ಬಣ್ಣ ಇರ್ಬೇಕು ಅಂತ ಬಿಟ್ಟೆ. ಅಪ್ಪಾ, ಚಿತ್ರ ತಿದ್ದಿ ತಿದ್ದಿ ತೋರಿಸೋಕೆ ಈ ಟಿವಿಗೆ ಹೊತ್ತು ಹಿಡೀತಿತ್ತು. ತಿದ್ದು ಅಂತ ಹೇಳಿದ್ದು ನಾನು."

ಗುಂಡಿ ಒತ್ತಿದ. ಒಂದು ವಾರ ಕೂತು ಕಟ್ಟಿದ ಬಣ್ಣವೆಲ್ಲ ಒಗೆದ ಬಟ್ಟೆಯಂತೆ ಮಾಸಿತು. ಮತ್ತೆ ವಿಡಿಯೋ ತೆಗೆದರು. ಈ ಸಲ ಹೆಬ್ಬೆರಳು ತಳ ಮುಟ್ಟುವುದಕ್ಕೂ ಬ್ಯಾಟು ಬೀಸುವುದಕ್ಕೂ ನಡುವೆ ಎಷ್ಟು ಹುಡುಕಿದರೂ ಜಾಗ ಸಿಗಲಿಲ್ಲ.

ಅಜ್ಜ ನಗಲು ಶುರುಮಾಡಿದ. ಹತ್ತು ದಿನದ ಗಡ್ಡದೊಳಗಿಂದ ಬಂದ ಆ ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಕೊನೆಗೆ ಸೊಸೆ ನೀರು ತಂದುಕೊಡಬೇಕಾಯಿತು. ಮಗ ಅಪ್ಪನ ಪಕ್ಕ ನೆಲದ ಮೇಲೆ ಕೂತು ಅವನ ಬೆನ್ನು ಸವರಿದ. ಆ ಬೆನ್ನನ್ನು ಅವನು ಮುಟ್ಟಿ ಎಷ್ಟು ಕಾಲವಾಗಿತ್ತೋ.

"ಆ ಹತ್ತನ್ನ ಅಳಿಸಿಬಿಡ್ತೀನಿ," ಎಂದು ಬಾಬಿನ್ ಬೀರುವಿನ ಕಡೆ ಓಡಿದಳು.

"ಅಳಿಸ್ಬೇಡ. ಆಡಿದ್ದು ಆಡಿದ್ದೇ. ಪಕ್ಕದಲ್ಲಿ ಇನ್ನೊಂದು ಗೆರೆ ಎಳಿ. ಅದರ ಕೆಳಗೆ ಟಿವಿ ಅಂತ ಬರಿ. ಹತ್ತೂ ಅದಕ್ಕೆ ಹಾಕು."

ಹಾಗೆ ಅಜ್ಜ, ಬಾಬಿನ್, ಟಿವಿ ಅಂತ ಮೂರು ಸಾಲಾದವು. ಆಮೇಲೆ ಇಬ್ಬರೂ ಆಡಲು ಕೂತರು. ಈಗ ಬಾಬಿನ್‌ಳ ಬೆರಳು ಮುಂಚೆಯೇ ಎದ್ದು ತಪ್ಪುತ್ತಿತ್ತು. ಮೊದಲ ಮೂರು ಆಟ ಅಜ್ಜನದು. ನಾಲ್ಕನೆಯದು ಬಾಬಿನ್‌ಳದು. ಐದನೆಯದಕ್ಕೆ ಸೊಸೆ ಹೊಲಿಗೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಹತ್ತು ಹತ್ತು. ಹನ್ನೊಂದು ಹತ್ತು, ಬಾಬಿನ್ ಮುಂದೆ. ಕೊನೆಯ ಚೆಂಡು ಮೇಜಿನ ಅಂಚಿಗೆ ತಾಗಿ ಓರೆಯಾಗಿ ಹಾರಿತು, ಅಜ್ಜ ಒತ್ತಿದ, ಬ್ಯಾಟು ಬೀಸಿತು, ಚೆಂಡು ಕೂದಲೆಳೆಯಲ್ಲಿ ತಪ್ಪಿಹೋಯಿತು.

"ಸೋತೆ!" ಎಂದು ಅಜ್ಜ ಕೂಗಿದ. ಗೆದ್ದಾಗ ಕೂಡ ಅವನು ಹಾಗೆ ಕೂಗಿದವನಲ್ಲ. "ನೋಡಿದ್ರಾ? ನಾನೇ ತಡವಾಗಿ ಒತ್ತಿದೆ. ಈ ಸೋಲು ನಂದೇ!"

"ಮಾವ, ಸೋತಿದ್ದಕ್ಕೆ ಯಾರಾದ್ರೂ ಹೀಗೆ ಕುಣೀತಾರಾ? ಬಂದು ಗಡ್ಡ ಮಾಡ್ಕೊಳ್ಳಿ, ನೋಡೋಕಾಗ್ತಿಲ್ಲ," ಎನ್ನುತ್ತ ಸೊಸೆ ಕಣ್ಣೊರೆಸಿಕೊಂಡು ಯಂತ್ರದ ಕಡೆ ಹೋದಳು.

ಚೀಲ ಇನ್ನೂ ನೆಲದ ಮೇಲೇ ಇತ್ತು. ಮಗ ಸ್ಕ್ರೂ ಡ್ರೈವರ್, ಎಣ್ಣೆ ಡಬ್ಬಿ, ಬಟ್ಟೆಯ ತುಂಡು ಎಲ್ಲವನ್ನೂ ಒಂದೊಂದಾಗಿ ಒಳಗಿಟ್ಟ. ಜೇಬಿನಲ್ಲಿದ್ದ ಭೂತಗನ್ನಡಿಯನ್ನೂ ಅದರೊಳಗೆ ಹಾಕಿದ.

"ನಾಳೆ ಕಾರ್ಖಾನೆಗೆ ಹೋಗ್ತೀಯಾ ಅಪ್ಪ?"

"ಹೋಗ್ಬೇಕು. ಹತ್ತು ದಿನದಿಂದ ಅಲ್ಲಿ ಯಾವ ಹುಡುಗಿ ಬೈಸಿಕೊಳ್ತಿದ್ದಾಳೋ."

"ದೊಡ್ಡ ರಸ್ತೆ ದಾಟೋವರೆಗೆ ಚೀಲ ನಾನು ಹೊತ್ಕೊಂಡು ಬರ್ತೀನಿ."

ಅಜ್ಜ ಬೇಡ ಎನ್ನಲಿಲ್ಲ. "ನನ್ನ ಮಾತು ಹಾಗೇ ಇದೆ," ಎಂದ. "ಇವಳು ಒಂದೇ ಸಮನೆ ಹತ್ತು ಗೆದ್ರೆ ಚೀಲ ನಿಂದು."

"ಗೆದ್ರೆ?"

"ಮೊದಲು ಟಿವಿ ನೋಡಿ." ಅಜ್ಜ ಹೆಬ್ಬೆರಳಿನಿಂದ ಗಡ್ಡ ಕೆರೆದುಕೊಂಡ. "ಅದು ಸರಿಯಾಗಿದ್ರೆ, ಆಮೇಲೆ ನನ್ನನ್ನ ನೋಡಿ."

ಮಗ ಚೀಲವನ್ನು ಎತ್ತಿಕೊಂಡು ಹೋಗಿ ಬಾಗಿಲ ಬಳಿ, ಅಪ್ಪನ ಚಪ್ಪಲಿಯ ಪಕ್ಕದಲ್ಲಿ ಇಟ್ಟ.